ಚೆವಿಜ್: ಊರಾಚೆ ಇದ್ದವರ ತಲೆಗಂದಾಯ

ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕ್‌ನ ಒಂದು ಚಿಕ್ಕ ಕ್ಲಿನಿಕ್‌ನಲ್ಲಿ ನಾನು ಫಿಸಿಯೋಥೆರಪಿಸ್ಟ್. ಮಂಡಿ ಅಥವಾ ಸೊಂಟದ ಕೀಲು ಬದಲಿಸಿಕೊಂಡವರನ್ನು ಮತ್ತೆ ನಡೆಯುವಂತೆ ಮಾಡುವುದು ನನ್ನ ಕೆಲಸ. ದಿನವೂ ನಮ್ಮ ಮನೆಯಿರುವ ಫ್ರೀಮಾಂಟ್‌ನಲ್ಲಿ ರೈಲು ಹತ್ತಿ, ಓಕ್‌ಲೆಂಡ್‌ನಲ್ಲಿ ಇನ್ನೊಂದಕ್ಕೆ ಬದಲಿಸಿ ಹೋಗುತ್ತೇನೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ನನ್ನ ಗಂಡ ಧಾರವಾಡದಲ್ಲಿ ಕಾಲೇಜು ಮೇಷ್ಟ್ರಾಗಿದ್ದವರು, ಇಲ್ಲಿ ನನ್ನ ವೀಸಾದ ನೆರಳಿನಲ್ಲಿದ್ದಾರೆ. ಅವರಿಗೆ ಕೆಲಸ ಮಾಡುವ ಅನುಮತಿ ಇನ್ನೂ ಸಿಕ್ಕಿಲ್ಲ. ಅಡುಗೆ, ಗ್ರೋಸರಿ, ಒಂಬತ್ತು ವರ್ಷದ ಮಗಳನ್ನು ಸ್ಕೂಲಿಗೆ ಬಿಟ್ಟು ಕರೆತರುವುದು ಎಲ್ಲ ಅವರದೇ. ಮಗಳು ಮಾತ್ರ ಇಲ್ಲಿ ಹುಟ್ಟಿದವಳು, ಇಲ್ಲಿಯ ಪ್ರಜೆ.

ಆ ಪದವನ್ನು ನನಗೆ ಹೇಳಿದ್ದು ನನ್ನ ಒಬ್ಬ ರೋಗಿ. ಎಂಬತ್ತು ದಾಟಿದ ಹೆಂಗಸು. ಸೊಂಟದ ಆಪರೇಷನ್ ಆದ ಮೇಲೆ ವಾರಕ್ಕೆ ಎರಡು ಸಲ ಬರುತ್ತಿದ್ದರು. ನಲವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲೆಂಡಿನ ಹಳೆಯ ಕಾಲದ ಇತಿಹಾಸ ಕಲಿಸಿದವರು. ಆ ಕಾಲದ ಹಳ್ಳಿಗಳ ಲೆಕ್ಕದ ಸುರುಳಿಗಳನ್ನು ಓದುವುದೇ ಅವರ ಜೀವಮಾನದ ಕೆಲಸವಾಗಿತ್ತು. ಮನೆಯಲ್ಲಿ ನಾವು ಅವರನ್ನು ಪ್ರೊಫೆಸರಮ್ಮ ಎನ್ನುತ್ತಿದ್ದೆವು. ನೋವಾದಾಗ ಬೇರೆಯವರು ಮುಲುಗುತ್ತಾರೆ, ಇವರು ಪಾಠ ಮಾಡುತ್ತಿದ್ದರು. ಹಿಡಿದು ನಡೆಯಲೆಂದು ಹಾಕಿದ ಎರಡು ಕಬ್ಬಿಣದ ಸರಳುಗಳ ನಡುವೆ ನಿಂತು, ಎಡಗಾಲು ಎತ್ತಲಾರದೆ ಬೆವರುತ್ತ, ಯಾವುದೋ ಶತಮಾನದ ಹಳ್ಳಿಯ ಜಗಳವನ್ನು ಹೇಳುತ್ತಿದ್ದರು. ನಾನು ಎಣಿಸುತ್ತ ಕೇಳಿಸಿಕೊಳ್ಳುತ್ತಿದ್ದೆ.

ಒಂದು ದಿನ ಅವರೇ ಕೇಳಿದರು, "ನೀನು ಮುಂದಿನ ವರ್ಷವೂ ಇಲ್ಲೇ ಇರ್ತೀಯಲ್ಲ? ನನಗೆ ಇನ್ನೊಂದು ಕಡೆಯ ಸೊಂಟವೂ ಬಾಕಿ ಇದೆ."

"ಅನುಮತಿ ಇರೋ ತನಕ ಇರ್ತೀನಿ" ಎಂದೆ. ಮೂರು ವರ್ಷಕ್ಕೊಮ್ಮೆ ಕ್ಲಿನಿಕ್ ನನ್ನ ಪರವಾಗಿ ಅರ್ಜಿ ಹಾಕಬೇಕು, ಸರ್ಕಾರ ಒಪ್ಪಬೇಕು, ಇಲ್ಲೇ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಸರದಿ ನಮ್ಮ ದೇಶದವರಿಗೆ ಬಹಳ ಉದ್ದ ಎಂದು ವಿವರಿಸಿದೆ.

ಅವರು ಕಾಲು ಇಳಿಸಿ ನನ್ನ ಮುಖ ನೋಡಿದರು. "ಇದಕ್ಕೊಂದು ಹಳೆಯ ಇಂಗ್ಲಿಷ್ ಪದ ಇತ್ತು. ಚೆವಿಜ್."

ಆ ಹೊತ್ತಿನಿಂದ ಮೂರು ನಾಲ್ಕು ಭೇಟಿಗಳುದ್ದಕ್ಕೂ ಆ ಒಂದು ಪದದ ಕಥೆಯೇ ನಡೆಯಿತು. ಹಳೆಯ ಫ್ರೆಂಚಿನಲ್ಲಿ ತಲೆಗೆ ಇದ್ದ ಮಾತಿನಿಂದ ಅದು ಹುಟ್ಟಿದೆಯಂತೆ. ಅದಕ್ಕೂ ಹಿಂದೆ ಲ್ಯಾಟಿನ್ನಿನ ತಲೆ. ಚೀಫ್, ಕ್ಯಾಪ್ಟನ್, ಕ್ಯಾಪಿಟಲ್, ಕೊನೆಗೆ ದನಕ್ಕೆ ಹೇಳುವ ಕ್ಯಾಟಲ್ ಕೂಡ ಅದೇ ಮನೆತನದವು. ದನವನ್ನೂ ತಲೆ ಲೆಕ್ಕದಲ್ಲೇ ಎಣಿಸುತ್ತಾರಲ್ಲ ಎಂದು ನಕ್ಕರು. ಪೋಲ್ ಎಂದರೆ ಎಲೆಕ್ಷನ್ ಎಂದಷ್ಟೇ ತಿಳಿದಿದ್ದ ನನಗೆ ಪೋಲ್ ಎಂದರೂ ಮೊದಲು ತಲೆಯೇ, ನೆತ್ತಿಯೇ, ತಲೆ ಎಣಿಸುತ್ತ ಎಣಿಸುತ್ತ ಅದು ಮತ ಎಣಿಸುವ ಮಾತಾಯಿತು ಎಂದರು. ಪೋಲ್ ಟ್ಯಾಕ್ಸ್ ಎಂದರೆ ಹೀಗೆ ತಲೆಗಿಷ್ಟು ಎಂದು ಹಾಕುವ ತೆರಿಗೆ.

"ಆದ್ರೆ ಚೆವಿಜ್ ಎಲ್ಲರ ಮೇಲೂ ಹಾಕೋದಲ್ಲ" ಎಂದರು ಪ್ರೊಫೆಸರಮ್ಮ. "ಒಡೆಯನ ಜಮೀನಿಗೆ ಕಟ್ಟುಬಿದ್ದ ಆಳುಗಳಿದ್ದರು. ಅವರು ಹುಟ್ಟಿದ ಊರು ಬಿಟ್ಟು ಹೋಗೋ ಹಾಗಿರಲಿಲ್ಲ. ಹೋಗಬೇಕು ಅಂದ್ರೆ ಒಡೆಯನ ಅಪ್ಪಣೆ ಬೇಕು. ಬೇರೆ ಊರಲ್ಲಿ ಇರೋ ಅಷ್ಟು ಕಾಲ ವರ್ಷ ವರ್ಷ ತಮ್ಮ ತಲೆಗೆ ಇಷ್ಟು ಅಂತ ಕೊಡಬೇಕು."

"ತುಂಬಾನಾ?"

"ಇಲ್ಲ, ತೀರಾ ಸ್ವಲ್ಪ. ಕೆಲವು ಕಡೆ ಎರಡು ಹುಂಜ ಕೊಟ್ಟರೆ ಸಾಕಾಗಿತ್ತು. ಅದರಿಂದ ಒಡೆಯ ಏನೂ ಶ್ರೀಮಂತ ಆಗ್ತಿರಲಿಲ್ಲ. ನಾನು ಇನ್ನೂ ನಿನ್ನವನೇ ಅಂತ ಒಪ್ಪಿಕೊಳ್ಳೋದೇ ಅದರ ಅರ್ಥ. ವರ್ಷಕ್ಕೊಮ್ಮೆ ಊರಿನ ನ್ಯಾಯಸಭೆಗೆ ಬಂದು ಮುಖ ತೋರಿಸಬೇಕಿತ್ತು."

ಆ ಸಂಜೆ ಊಟಕ್ಕೆ ಕೂತಾಗ ಗಂಡನಿಗೆ ಇದನ್ನೆಲ್ಲ ಹೇಳಿದೆ. ಅವರು ರೊಟ್ಟಿ ಮುರಿಯುತ್ತ, "ನಮ್ಮ ಕಡೆ ತಲೆಗಂದಾಯ ಅಂತಾರಲ್ಲ, ಅದನ ಇದು?" ಎಂದರು. ಮತ್ತೆ ತಾವೇ ತಲೆಯಲ್ಲಾಡಿಸಿದರು. "ಅಲ್ಲ. ತಲೆಗಂದಾಯ ಇದ್ದಲ್ಲೆ ಕೊಡೋದು. ಇದು ಊರಾಗ ಇಲ್ಲದ್ದಕ್ಕ ಕೊಡೋದು."

ಮಗಳು ಅನ್ನ ಕಲಸುತ್ತ ಕೇಳುತ್ತಿದ್ದಳು. ಅವಳಿಗೆ ನಮ್ಮ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ವಾಟ್ ಇಫ್ ದೇ ಡಿಡಂಟ್ ಪೇ?"

ಕೊಡದಿದ್ದರೆ ಏನಾಗುತ್ತಿತ್ತು ಎಂದು ಮುಂದಿನ ಭೇಟಿಯಲ್ಲಿ ಪ್ರೊಫೆಸರಮ್ಮನನ್ನು ಕೇಳಿದೆ.

"ಸಭೆಯಲ್ಲಿ ಊರಿನವರೇ ಎದ್ದು ಹೇಳಬೇಕಿತ್ತು" ಎಂದರು. "ಇಂಥವನ ಮಗಳು ಅಪ್ಪಣೆ ಇಲ್ಲದೆ ಇಂಥ ಪಟ್ಟಣದಲ್ಲಿದ್ದಾಳೆ ಅಂತ. ಗುಮಾಸ್ತ ಬರ್ಕೊಳ್ತಿದ್ದ. ಅವಳ ಹತ್ತಿರದ ನೆಂಟರು ಮುಂದಿನ ಸಭೆಯೊಳಗೆ ಅವಳನ್ನ ಕರ್ಕೊಂಡು ಬರಬೇಕು, ಇಲ್ಲದಿದ್ದರೆ ಅವರಿಗೆ ದಂಡ."

ನನಗೆ ಆ ನೆಂಟರ ಮೇಲೆ ಕನಿಕರವಾಯಿತು. ಎದ್ದು ನಿಂತು ಹೇಳಿದವನ ಬಗ್ಗೆ ಯೋಚಿಸಿ ಮೈ ಜುಮ್ಮೆಂದಿತು. ಆದರೂ ಅದೆಲ್ಲ ಎಂದಿನದೋ, ಎಲ್ಲಿಯದೋ. ಕಾಲು ಇನ್ನೂ ಹತ್ತು ಸಲ ಎತ್ತಿ ಎಂದೆ.

ಅದಾಗಿ ಎರಡು ವಾರಕ್ಕೆ ಡ್ರೈವಿಂಗ್ ಲೈಸೆನ್ಸ್ ರಿನ್ಯೂ ಮಾಡಿಸಲು ಹೋದೆ. ಬೆಳಗಿನ ಹೊತ್ತು. ಕೌಂಟರಿನ ಹುಡುಗಿ ನನ್ನ ಹೊಸ ಪಾಸ್‌ಪೋರ್ಟು, ಕ್ಲಿನಿಕ್ ಹಾಕಿದ ಅರ್ಜಿಗೆ ಸಿಕ್ಕ ಒಪ್ಪಿಗೆ ಪತ್ರ ಎರಡನ್ನೂ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಏನೋ ಹುಡುಕಿದಳು. ಆಮೇಲೆ ಸಹಜವಾಗಿ, "ನಿಮ್ಮ ವಾಸ ಈ ತಿಂಗಳ ಹತ್ತೊಂಬತ್ತಕ್ಕೆ ಮುಗಿಯತ್ತೆ, ಅಲ್ವಾ? ಲೈಸೆನ್ಸನ್ನೂ ಅಲ್ಲೀವರೆಗೆ ಮಾತ್ರ ಕೊಡಬಹುದು" ಎಂದಳು.

ಅಂದು ಹತ್ತನೇ ತಾರೀಖು.

"ಇಲ್ಲ, ನನಗೆ ಇನ್ನೂ ಎರಡು ವರ್ಷ ಇದೆ" ಎಂದು ಒಪ್ಪಿಗೆ ಪತ್ರದ ಮೇಲೆ ಬೆರಳಿಟ್ಟೆ. ಅವಳು ಪತ್ರ ನೋಡಿದಳು, ಪರದೆ ನೋಡಿದಳು. "ನೀವು ದೇಶದೊಳಗೆ ಬಂದಾಗ ಬರೆದ ದಾಖಲೆಯಲ್ಲಿ ಹತ್ತೊಂಬತ್ತು ಅಂತಿದೆ. ನಮಗೆ ಕಾಣೋದು ಅದೇ. ನೀವೊಮ್ಮೆ ಚೆಕ್ ಮಾಡ್ಕೊಳ್ಳಿ."

ಪಾರ್ಕಿಂಗ್ ಲಾಟ್‌ನಲ್ಲಿ ಕಾರಿನೊಳಗೆ ಕೂತು ಫೋನಿನಲ್ಲಿ ಆ ದಾಖಲೆ ತೆರೆದೆ. ಹೌದು, ಹತ್ತೊಂಬತ್ತು. ಕೈ ಬೆವರಿ ಫೋನಿನ ಪರದೆ ನನ್ನ ಬೆರಳಿಗೆ ಸ್ಪಂದಿಸುತ್ತಲೇ ಇರಲಿಲ್ಲ. ಸೀರೆಯಾಗಿದ್ದರೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದೆ, ಹಾಕಿಕೊಂಡಿದ್ದ ಯೂನಿಫಾರ್ಮಿನ ಪ್ಯಾಂಟಿಗೆ ಒರೆಸಿ ಒರೆಸಿ ನೋಡಿದೆ. ಆಗ ನೆನಪಾಯಿತು. ಹಿಂದಿನ ವರ್ಷ ಊರಿಗೆ, ಹುಬ್ಬಳ್ಳಿಗೆ ಹೋಗಿ ಮೂವರೂ ಹಿಂತಿರುಗಿದಾಗ ನನ್ನ ಹಳೆಯ ಪಾಸ್‌ಪೋರ್ಟಿಗೆ ಸುಮಾರು ಒಂದು ವರ್ಷದ ಆಯುಸ್ಸು ಉಳಿದಿತ್ತು. ಏರ್‌ಪೋರ್ಟಿನ ವಲಸೆ ಅಧಿಕಾರಿ ನಿಯಮದಂತೆ ಪಾಸ್‌ಪೋರ್ಟ್ ಮುಗಿಯುವ ದಿನವನ್ನೇ ನನ್ನ ವಾಸದ ಕೊನೆಯ ದಿನವಾಗಿ ಬರೆದಿದ್ದ. ಗಂಡನ ಪಾಸ್‌ಪೋರ್ಟು ಹೊಸದು, ಅವರಿಗೆ ಪೂರ್ತಿ ಅವಧಿ ಸಿಕ್ಕಿತ್ತು. ಆಮೇಲೆ ನಾನು ಪಾಸ್‌ಪೋರ್ಟು ಹೊಸದು ಮಾಡಿಸಿ, ಎಲ್ಲ ಸರಿಯಾಯಿತೆಂದು ಸುಮ್ಮನಾಗಿದ್ದೆ. ಆ ದಾಖಲೆಯನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ತಪ್ಪು ನನ್ನದೇ. ಒಂಬತ್ತು ದಿನ ಉಳಿದಿತ್ತು.

ಲೈಸೆನ್ಸಿಗೆ ಹೋಗುವುದನ್ನು ನಾನು ಮುಂದಿನ ತಿಂಗಳಿಗೆ ತಳ್ಳಬೇಕೆಂದಿದ್ದೆ. ಅವತ್ತು ಬೆಳಗಿನ ರೋಗಿ ಬರುವುದಿಲ್ಲವೆಂದು ಫೋನು ಬಂದದ್ದರಿಂದ ಮಾತ್ರ ಹೋದೆ. ಇದು ಹೊಳೆದ ಮೇಲೆ ಕೆಲಸಕ್ಕೆ ಹೋಗದೆ ಕಾರನ್ನು ಮನೆಯ ಕಡೆ ತಿರುಗಿಸಿದೆ.

ಮನೆಗೆ ಹೋದಾಗ ಗಂಡ ಒಗ್ಗರಣೆ ಹಾಕುತ್ತಿದ್ದರು. ನನ್ನ ಮುಖ ನೋಡಿ ಒಲೆ ಆರಿಸಿದರು. "ಏನಾತು? ಆಕ್ಸಿಡೆಂಟ್ ಆತೇನು?"

ನಾನು ಫೋನು ಅವರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಧಾರವಾಡದ ಮೇಷ್ಟ್ರು, ಯಾವತ್ತೂ ದನಿ ಏರಿಸದವರು, ಅಡುಗೆಮನೆಯ ಕಿಟಕಿಯ ಬ್ಲೈಂಡ್ ಕೆಳಗೆ ಎಳೆದರು. ಯಾಕೆ ಎಳೆದಿರಿ ಎಂದು ಆಮೇಲೆ ಕೇಳಿದಾಗ ಅವರಿಗೂ ಗೊತ್ತಿರಲಿಲ್ಲ.

ಕ್ಲಿನಿಕ್‌ನ ಕಾಗದಪತ್ರ ನೋಡಿಕೊಳ್ಳುವ ವಕೀಲೆ ಮಧ್ಯಾಹ್ನ ಫೋನಿಗೆ ಸಿಕ್ಕಳು. ಆಕೆ ಗಾಬರಿಯಾಗಲಿಲ್ಲ, ಇದು ಆಗಾಗ ಆಗುತ್ತದೆ ಎಂದಳು. ಆದರೆ ಒಂಬತ್ತು ದಿನ ಎಂದಾಗ ದಿನಾಂಕವನ್ನು ಇನ್ನೊಮ್ಮೆ ಓದಿ ಹೇಳಿ ಎಂದಳು. ಇಲ್ಲೇ ಕೂತು ಹೊಸ ಅರ್ಜಿ ಹಾಕಬಹುದು, ಅದಕ್ಕೆ ಮುಂಚೆ ಇನ್ನೊಂದು ಇಲಾಖೆಯ ಒಪ್ಪಿಗೆ ಬೇಕು, ಅದು ಬರುವ ಹೊತ್ತಿಗೆ ಹತ್ತೊಂಬತ್ತು ದಾಟಿಬಿಡಬಹುದು. ಒಂದೇ ಒಂದು ದಿನ ದಾಟಿದರೂ ನನ್ನ ವೀಸಾ ರದ್ದಾದಂತೆ.

"ಇನ್ನೊಂದು ದಾರಿ ಚಿಕ್ಕದು" ಎಂದಳು. "ದೇಶದಿಂದ ಹೊರಗೆ ಹೋಗಿ ವಾಪಸ್ ಬನ್ನಿ. ಹೊಸ ಪಾಸ್‌ಪೋರ್ಟ್ ತೋರಿಸಿ. ಹೊಸ ದಾಖಲೆ ಬರೀತಾರೆ. ನಿಮ್ಮ ವೀಸಾ ಚಾಲ್ತಿಯಲ್ಲಿದೆ, ಅಮೆರಿಕದ ವೀಸಾ ಇದ್ದವರಿಗೆ ಮೆಕ್ಸಿಕೋ ಬೇರೆ ವೀಸಾ ಕೇಳಲ್ಲ, ಹಾಗಾಗಿ ಅಲ್ಲಿಗೆ ಹೋಗಬಹುದು."

"ವಾಪಸ್ ಬಿಡ್ತಾರಾ?"

"ಬಿಡಬೇಕು."

"ಬಿಟ್ಟೇ ಬಿಡ್ತಾರಾ?"

"ಆ ಗ್ಯಾರಂಟಿ ಯಾವ ವಕೀಲರೂ ಕೊಡಲ್ಲ" ಎಂದಳು. "ಈಗಿನ ದಿನಗಳಲ್ಲಂತೂ ಕೊಡಲ್ಲ."

ಶನಿವಾರ ಹೋಗಿ ಭಾನುವಾರ ಬರುವ ಟಿಕೆಟ್ ತೆಗೆದೆವು. ಅದಕ್ಕೆ ಇನ್ನೂ ಮೂರು ದಿನವಿತ್ತು. ಆ ಮೂರು ದಿನ ನಾನು ಹೇಗಿದ್ದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಅನುಮತಿ ಇನ್ನೂ ಚಾಲ್ತಿಯಲ್ಲಿದೆ ಎಂದು ಚೆನ್ನಾಗಿ ಗೊತ್ತಿದ್ದೂ ನಾನು ಕದ್ದು ಬದುಕುವವಳಂತೆ ಬದುಕಿದೆ. ರೈಲಿಗೆ ಯೂನಿಫಾರ್ಮ್ ಹಾಕಿದ ಯಾರೇ ಹತ್ತಿದರೂ ಫೋನಿಗೆ ತಲೆ ತಗ್ಗಿಸಿದೆ. ಓಕ್‌ಲೆಂಡ್‌ನಲ್ಲಿ ರೈಲು ಬದಲಿಸುವಾಗ ಪ್ಲಾಟ್‌ಫಾರಂ ಮೇಲೆ ಇಬ್ಬರು ಪೊಲೀಸರು ಕಾಫಿ ಕುಡಿಯುತ್ತಿದ್ದರು. ನಾನು ಕಂಬದ ಹಿಂದೆ ನಿಂತೆ, ನನ್ನ ರೈಲು ಹೊರಟೇ ಹೋಯಿತು. ನೆರೆಮನೆಯ ಮೈಸೂರಿನಾಕೆ, "ಏನ್ರೀ, ಡಲ್ಲಾಗಿದೀರಾ? ವೀಕೆಂಡು ಡ್ಯಾನ್‌ವಿಲ್‌ನಲ್ಲಿ ಪೂಜೆ ಇದೆ, ಬರ್ತೀರಲ್ಲಾ?" ಎಂದು ಕೇಳಿದಾಗ ಆಫೀಸಿನ ಟ್ರೇನಿಂಗು ಎಂದು ಸುಳ್ಳು ಹೇಳಿದೆ. ಎಷ್ಟೋ ವರ್ಷದ ಸ್ನೇಹ. ಆಕೆಗೆ ಹೇಳಿದ್ದರೆ ಬಹುಶಃ ತಾನೇ ಏರ್‌ಪೋರ್ಟಿಗೆ ಬಿಡುತ್ತಿದ್ದಳು. ಆದರೆ ಬಾಯಿ ತೆರೆಯುವ ಹೊತ್ತಿಗೆ ನನಗೆ ಕಂಡದ್ದು, ಸಭೆಯಲ್ಲಿ ಎದ್ದು ನಿಂತು ಇಂಥವನ ಮಗಳು ಇಂಥ ಊರಲ್ಲಿದ್ದಾಳೆ ಎಂದು ಹೇಳುವ ಒಬ್ಬ ಮನುಷ್ಯ. ನಾನು ಕಂಡೇ ಇರದ ಊರಿನವನು, ಮುಖವೇ ಇಲ್ಲದವನು. ಪ್ರೊಫೆಸರಮ್ಮ ಅವನ ಹೆಸರನ್ನೂ ಹೇಳಿರಲಿಲ್ಲ. ಅವನು ಹೇಗೋ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ತನಕ ಬಂದುಬಿಟ್ಟಿದ್ದ.

ಗುರುವಾರ ಪ್ರೊಫೆಸರಮ್ಮ ಬಂದಾಗ ನಾನು ಎಣಿಕೆ ತಪ್ಪಿದೆ. ಅವರ ಸೊಂಟಕ್ಕೆ ಕೈ ಆಸರೆ ಕೊಟ್ಟು ಹತ್ತು ದಾಟಿದರೂ ಎಣಿಸುತ್ತಲೇ ಇದ್ದೆ, ಅವರೇ ಕಾಲು ಇಳಿಸಿದರು.

"ಏನಾಗಿದೆ?"

"ಏನೂ ಇಲ್ಲ." ಮತ್ತೆ ಕೇಳದೆ ಇರಲಾಗಲಿಲ್ಲ. "ಆ ಹೆಣ್ಣುಮಗಳನ್ನ ಕರ್ಕೊಂಡು ಬಂದ್ರಾ? ಅಪ್ಪಣೆ ಇಲ್ಲದೆ ಪಟ್ಟಣದಲ್ಲಿದ್ದವಳನ್ನ?"

ಅವರು ನೆನಪಿಸಿಕೊಂಡು ಹೇಳಿದರು. "ಸುರುಳಿಗಳಲ್ಲಿ ಅದು ಹೇಳಿರಲ್ಲ. ಆದರೆ ಎಷ್ಟೋ ಕಡೆ ಒಬ್ಬರ ಹೆಸರೇ ವರ್ಷ ವರ್ಷ ಬರತ್ತೆ. ಕರೆತನ್ನಿ, ಕರೆತನ್ನಿ ಅಂತ ಅದೇ ಆಜ್ಞೆ. ಅಂದ್ರೆ ಯಾರೂ ಕರೆತರಲೇ ಇಲ್ಲ ಅಂತ ಅರ್ಥ. ಪಟ್ಟಣದಲ್ಲಿ ಒಂದು ವರ್ಷ, ಅದರ ಮೇಲೆ ಒಂದು ದಿನ ಹಿಡಿಯಲು ಸಿಗದೆ ಉಳಿದರೆ ಸ್ವತಂತ್ರರು ಅಂತ ಕೆಲವು ಊರುಗಳಲ್ಲಿ ಪದ್ಧತಿ ಇತ್ತು."

ಅವರು ನನಗೆ ಧೈರ್ಯ ತುಂಬಲೆಂದು ಹೇಳಿರಬೇಕು. ನನ್ನ ಕಿವಿಗೆ ಬಿದ್ದದ್ದು ಆ ಒಂದು ದಿನ ಮಾತ್ರ. ಅವಳಿಗೆ ಒಂದು ದಿನ ಹೆಚ್ಚು ಉಳಿದರೆ ಬಿಡುಗಡೆ. ನನಗೆ ಒಂದು ದಿನ ಹೆಚ್ಚು ಉಳಿದರೆ ಎಲ್ಲ ಮುಗಿದಂತೆ.

ಶುಕ್ರವಾರ ಸಂಜೆ ಗಂಡ ಒಂದು ಹಾಳೆಯಲ್ಲಿ ಬರೆದುಕೊಂಡು ಕೂತರು. ನನ್ನನ್ನು ವಾಪಸ್ ಬಿಡದಿದ್ದರೆ ಏನು ಮಾಡಬೇಕು ಎಂಬುದು ಅದರಲ್ಲಿತ್ತು. ನಾನು ಅಲ್ಲಿಂದಲೇ ಹುಬ್ಬಳ್ಳಿಗೆ ಹೋಗುವುದು. ನಾನಿಲ್ಲದೆ ಅವರಿಗೂ ಇಲ್ಲಿ ಇರುವ ಹಕ್ಕು ಉಳಿಯುವುದಿಲ್ಲ. ಮಗಳ ಸ್ಕೂಲಿಗೆ ಹೇಳಬೇಕು. ಮನೆ ಖಾಲಿ ಮಾಡಬೇಕು. ಅವರ ಅಕ್ಷರ ಯಾವಾಗಲೂ ಮುತ್ತಿನಂತೆ ಇರುತ್ತದೆ, ಅವತ್ತು ಗೆರೆ ಬಿಟ್ಟು ಕೆಳಗಿಳಿದಿತ್ತು.

"ಅಕೀಗೆ ಏನಂತ ಹೇಳೂಣು?" ಎಂದರು, ಮಗಳ ರೂಮಿನ ಕಡೆ ನೋಡುತ್ತ.

ಕೆಲಸದ ಮೇಲೆ ಒಂದು ದಿನದ ಮಟ್ಟಿಗೆ ಹೋಗುತ್ತಿದ್ದೇನೆ ಎಂದು ಅವಳಿಗೆ ಹೇಳಿದೆವು. ಅವಳು ನಮ್ಮಿಬ್ಬರ ಮುಖವನ್ನೂ ನೋಡಿದಳು. "ಅಮ್ಮಾ, ಇಸ್ ದಿಸ್ ಅಬೌಟ್ ದ ಹೆಡ್ ಟ್ಯಾಕ್ಸ್ ಥಿಂಗ್?"

ಅಲ್ಲ ಎಂದೆ. ಅವಳು ನಂಬಲಿಲ್ಲ. ಹೊರಡುವ ಬೆಳಿಗ್ಗೆ ನನ್ನ ಕೈಚೀಲದಲ್ಲಿ ತನ್ನ ಸ್ಕೂಲಿನ ಗುರುತಿನ ಚೀಟಿ ಇಟ್ಟಿದ್ದಳು. ನಾನು ಅದನ್ನು ಕಂಡದ್ದು ವಿಮಾನದಲ್ಲಿ. ಅಮ್ಮನನ್ನು ತಡೆದರೆ ತನ್ನ ಹೆಸರು ತೋರಿಸಲಿ ಎಂದಿರಬೇಕು. ಪಕ್ಕದ ಸೀಟಿನವರಿಗೆ ಕಾಣದಂತೆ ಕಿಟಕಿಯ ಕಡೆ ತಿರುಗಿ ಕೂತೆ.

ಮೆಕ್ಸಿಕೋದ ಗ್ವಾದಲಹಾರಾದಲ್ಲಿ ನಾನು ಏನನ್ನೂ ನೋಡಲಿಲ್ಲ. ಏರ್‌ಪೋರ್ಟಿನ ಪಕ್ಕದ ಹೋಟೆಲಿನ ರೂಮಿನಲ್ಲಿ ಹೊಸ ಪಾಸ್‌ಪೋರ್ಟನ್ನು, ವೀಸಾ ಇದ್ದ ಹಳೆಯ ಪಾಸ್‌ಪೋರ್ಟನ್ನು, ಒಪ್ಪಿಗೆ ಪತ್ರವನ್ನು, ಕ್ಲಿನಿಕ್ಕಿನ ಕಾಗದವನ್ನು ಮಂಚದ ಮೇಲೆ ಹರಡಿ ಮತ್ತೆ ಮತ್ತೆ ಜೋಡಿಸಿದೆ. ವಕೀಲೆ ಹೇಳಿದ್ದ ವಾಕ್ಯವನ್ನು ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದೆ. ದಯವಿಟ್ಟು ಒಪ್ಪಿಗೆ ಪತ್ರದಲ್ಲಿರುವ ದಿನದವರೆಗೆ ನನಗೆ ಪ್ರವೇಶ ಕೊಡುತ್ತೀರಾ? ಹನ್ನೊಂದು ವರ್ಷ ಇಂಗ್ಲಿಷಿನಲ್ಲಿ ಕೆಲಸ ಮಾಡಿದವಳು, ಆ ಒಂದು ವಾಕ್ಯಕ್ಕೆ ಸ್ಕೂಲಿನ ಹುಡುಗಿಯಂತೆ ತಡವರಿಸಿದೆ. ಊಟ ಸೇರಲಿಲ್ಲ. ಗಂಡ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿ, ರೊಟ್ಟಿ ಹಾಗೇ ಉಳಿಯಿತು.

ಭಾನುವಾರ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಹೊರಗೆ ಒಳ್ಳೆ ಬಿಸಿಲು. ಪಾಸ್‌ಪೋರ್ಟ್ ತಪಾಸಣೆಯ ಸಾಲು ಉದ್ದವಿತ್ತು. ಸಾಲು ಬೇಗ ಸಾಗಿದರೆ ಭಯ, ನಿಂತರೂ ಭಯ. ನನ್ನ ಮುಂದಿದ್ದ ಕುಟುಂಬದ ಪುಟ್ಟ ಮಗು ನನ್ನನ್ನು ನೋಡಿ ನಕ್ಕಿತು. ನಗಲು ಪ್ರಯತ್ನಪಟ್ಟೆ, ಮುಖದ ಸ್ನಾಯು ಏಳಲೇ ಇಲ್ಲ. ವರ್ಷಕ್ಕೊಮ್ಮೆ ಸಭೆಗೆ ಬಂದು ಮುಖ ತೋರಿಸುತ್ತಿದ್ದರು ಎಂದು ಕೇಳಿದಾಗ ನಾನು ಅದನ್ನು ಒಂದು ಶಾಸ್ತ್ರವೆಂದಷ್ಟೇ ತಿಳಿದಿದ್ದೆ. ಹೇಳಬೇಕಾದ ಮಾತನ್ನು ಅವರೂ ಹೀಗೆ ಮನಸ್ಸಿನಲ್ಲೇ ಮತ್ತೆ ಮತ್ತೆ ಒಪ್ಪಿಸಿಕೊಳ್ಳುತ್ತಿದ್ದರು ಎಂದು ಹೊಳೆದಿರಲಿಲ್ಲ.

ಕಿಟಕಿಯ ಅಧಿಕಾರಿ ನಡುವಯಸ್ಸಿನವನು. "ನಿನ್ನೆ ಹೋಗಿ ಇವತ್ತು ಬಂದಿದ್ದೀರಿ. ಯಾಕೆ ಹೋಗಿದ್ರಿ?"

ವಕೀಲೆ ನಿಜವನ್ನೇ ಹೇಳಿ ಎಂದಿದ್ದಳು. "ನನ್ನ ದಾಖಲೆಯ ದಿನಾಂಕ ಸರಿಮಾಡಿಸಿಕೊಳ್ಳೋಕೆ" ಎಂದೆ.

ಅವನು ತಲೆಯೆತ್ತಿದ. "ಅದಕ್ಕೋಸ್ಕರ ದೇಶ ಬಿಟ್ಟು ಹೋಗಿದ್ರಾ?"

"ಹೌದು."

ಅವನು ಎರಡೂ ಪಾಸ್‌ಪೋರ್ಟುಗಳನ್ನು ಒಂದು ಹಳದಿ ಲಕೋಟೆಗೆ ಹಾಕಿದ. "ಅವರ ಹಿಂದೆ ಹೋಗಿ" ಎಂದು ಇನ್ನೊಬ್ಬರನ್ನು ತೋರಿಸಿದ.

ಅದು ಕುರ್ಚಿಗಳ ಸಾಲುಗಳಿದ್ದ ಒಂದು ಕೋಣೆ. ಕಿಟಕಿಯಿಲ್ಲ. ಫೋನು ತೆಗೆಯಬಾರದು ಎಂದು ಬರೆದಿತ್ತು. ಹೊರಗೆ ಗಂಡ, ಮಗಳು ಕಾಯುತ್ತಿದ್ದಾರೆ, ಅವರಿಗೆ ಏನೂ ತಿಳಿಯುವುದಿಲ್ಲ. ನನ್ನ ಪಕ್ಕದಲ್ಲಿ ಒಬ್ಬ ಮುದುಕ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಒಬ್ಬೊಬ್ಬರ ಹೆಸರನ್ನೇ ಕರೆಯುತ್ತಿದ್ದರು. ಕೆಲವರು ಹೊರಗಿನ ಬಾಗಿಲಿಗೆ ಹೋದರು. ಒಬ್ಬ ತರುಣಿಯನ್ನು ಒಳಗಿನ ಬಾಗಿಲಿಗೆ ಕರೆದೊಯ್ದರು. ಅವಳು ಮತ್ತೆ ಕಾಣಲಿಲ್ಲ. ನಾನು ಆ ಒಳಗಿನ ಬಾಗಿಲನ್ನೇ ನೋಡುತ್ತ ಕೂತೆ. ಪ್ರತಿ ಸಲ ಅದು ತೆರೆದಾಗಲೂ ಗುಮಾಸ್ತ ಹೆಸರು ಕೂಗುತ್ತಾನೆ, ನೆಂಟರಿಗೆ ದಂಡ ಹಾಕುತ್ತಾನೆ ಎಂಬ ಹುಚ್ಚು ಯೋಚನೆ. ನನ್ನ ನೆಂಟರೆಂದರೆ ಒಬ್ಬ ಮೇಷ್ಟ್ರು, ಒಂದು ಮಗು. ಎಷ್ಟು ಹೊತ್ತು ಕೂತೆನೋ, ಗಡಿಯಾರ ನನ್ನ ಬೆನ್ನ ಹಿಂದಿತ್ತು. ತಿರುಗಿ ನೋಡುವ ಧೈರ್ಯವೂ ಬರಲಿಲ್ಲ.

ಕೊನೆಗೆ ನನ್ನ ಹೆಸರನ್ನು ತುಂಡು ತುಂಡು ಮಾಡಿ ಕರೆದರು. ಈ ಸಲ ಒಬ್ಬ ಹೆಂಗಸು. ಪರದೆಯಿಂದ ಕಣ್ಣು ಕೀಳದೆ ಕೇಳಿದಳು, "ಏನು ಕೆಲಸ ಮಾಡ್ತೀರಿ?"

"ಫಿಸಿಯೋಥೆರಪಿಸ್ಟ್. ವಾಲ್ನಟ್ ಕ್ರೀಕ್‌ನಲ್ಲಿ."

"ನಾಳೆ ಕೆಲಸಕ್ಕೆ ಹೋಗಬೇಕಾ?"

ಈ ಪ್ರಶ್ನೆಗೆ ನಾನು ಬಾಯಿಪಾಠ ಮಾಡಿರಲಿಲ್ಲ. "ಎಂಟು ಗಂಟೆಗೆ ಮೊದಲನೇ ರೋಗಿ ಬರ್ತಾರೆ" ಎಂದೆ.

ಅವಳು ಹೊಸ ಪಾಸ್‌ಪೋರ್ಟಿನ ಮೇಲೆ ಮುದ್ರೆ ಒತ್ತಿದಳು, ಪೆನ್ನಿನಿಂದ ಏನೋ ಬರೆದಳು, ನನ್ನ ಕಡೆ ತಳ್ಳಿದಳು. ಆಗ ನಾನು ಆ ವಾಕ್ಯ ಹೇಳಬೇಕಿತ್ತು. ಅದೊಂದಕ್ಕಾಗಿಯೇ ಅಷ್ಟು ದೂರ ಹೋಗಿ ಬಂದದ್ದು. ಆದರೆ ಎದ್ದು ಓಡಿಹೋಗಬೇಕು, ಕೇಳಿದರೆ ಅವಳಿಗೆ ಸಿಟ್ಟು ಬರುತ್ತದೆ, ಒತ್ತಿದ ಮುದ್ರೆಯನ್ನು ಗೀಚಿ ರದ್ದು ಮಾಡುತ್ತಾಳೆ ಎನಿಸಿತು. ಎರಡು ಹೆಜ್ಜೆ ಹೋದೆ. ವಾಪಸ್ ಬಂದೆ.

"ಮೇಡಂ, ದಯವಿಟ್ಟು," ಎಂದೆ. ಮುಂದಿನದು ಮರೆತುಹೋಯಿತು. "ಯಾವ ದಿನ ಬರೆದಿದ್ದೀರಿ?"

ಅವಳು ಮೊದಲ ಬಾರಿಗೆ ನನ್ನ ಮುಖ ನೋಡಿದಳು. "ನಿಮ್ಮ ಒಪ್ಪಿಗೆ ಪತ್ರದ ದಿನ. ಅದಕ್ಕೇ ಬಂದದ್ದು ಅಲ್ವಾ?" ಎಂದು ಮುಂದಿನ ಲಕೋಟೆ ಎತ್ತಿಕೊಂಡಳು.

ಹೊರಗೆ ಬಂದಾಗ ಮಗಳು ಓಡಿ ಬರಲಿಲ್ಲ. ಅಪ್ಪನ ಕೈ ಹಿಡಿದು ನಿಂತಲ್ಲೇ ನಿಂತಿದ್ದಳು, ನಾನು ಹತ್ತಿರ ಹೋಗಿ ಮುಟ್ಟುವ ತನಕ. ಆಮೇಲೆ ನನ್ನ ಸ್ವೆಟರಿಗೆ ಮುಖ ಒತ್ತಿ ಅತ್ತಳು. ಗಂಡ ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ, "ಊಟ ಮಾಡೀಯೋ ಇಲ್ಲೋ?" ಎಂದು ಮೂರು ಸಲ ಕೇಳಿದರು. ಸೇತುವೆ ದಾಟಿ ಮನೆಗೆ ಬರುವಾಗ ನಾನು ಅವರನ್ನು ನಿಧಾನ ಹೋಗಿ ಎಂದೆ. ಎಡಗಡೆ, ಬಲಗಡೆ ಎಲ್ಲ ಕಾರುಗಳೂ ನಮ್ಮನ್ನು ದಾಟಿ ಹೋಗುತ್ತಿದ್ದವು. ಇನ್ನೂ ನಿಧಾನ ಎಂದೆ. ಅವರು ಮತ್ತಷ್ಟು ನಿಧಾನ ಮಾಡಿದರು.

ಮರುದಿನ ಎಂಟು ಗಂಟೆಗೆ ಕ್ಲಿನಿಕ್ಕಿನಲ್ಲಿದ್ದೆ. ಮಂಗಳವಾರ ಪ್ರೊಫೆಸರಮ್ಮ ಬಂದರು. ಆಗ ಅವರಿಗೆ ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರು ನಡೆಯುವುದನ್ನು ನಿಲ್ಲಿಸಿ, ಸರಳು ಹಿಡಿದು ಪಕ್ಕದ ಕುರ್ಚಿಯ ಮೇಲೆ ಕೂತರು.

"ನಾನು ಆ ಪದವನ್ನ ನಿನಗೆ ಹೇಳಬಾರದಿತ್ತು" ಎಂದರು. "ನನಗೆ ಅದು ಪುಸ್ತಕದ ಪದ. ಸತ್ತು ಎಷ್ಟೋ ಶತಮಾನ ಆಯ್ತು ಅಂತ ಆರಾಮಾಗಿ ಹೇಳಿಬಿಟ್ಟೆ."

"ಅದು ಹೇಗೆ ಸತ್ತಿತು?" ಎಂದು ಕೇಳಿದೆ. ನಿಜವಾಗಿಯೂ ತಿಳಿಯಬೇಕಿತ್ತು. "ಯಾರಾದರೂ ಕಾನೂನು ಮಾಡಿ ತೆಗೆದುಹಾಕಿದ್ರಾ?"

ಅವರು ತಲೆಯಲ್ಲಾಡಿಸಿದರು. "ಇಲ್ಲ. ಪ್ಲೇಗಿನ ದೊಡ್ಡ ಪಿಡುಗು ಬಂತು, ಜನ ಸತ್ತರು, ಆಳುಗಳು ಸಿಗದೆ ಹೋದರು. ಇದ್ದವರು ಎಲ್ಲಿ ಒಳ್ಳೆ ಕೂಲಿಯೋ ಅಲ್ಲಿಗೆ ಹೋದರು. ಒಡೆಯರು ಮೊದಮೊದಲು ಬಿಗಿ ಹಿಡಿದರು, ಆಮೇಲೆ ಹಿಡಿಯಲಾಗಲಿಲ್ಲ. ಸುರುಳಿಗಳಲ್ಲಿ ಚೆವಿಜ್ ಕೊಟ್ಟವರ ಹೆಸರು ಕಡಿಮೆಯಾಗ್ತಾ ಹೋಗತ್ತೆ. ಒಂದು ವರ್ಷ ಗುಮಾಸ್ತ ಆ ತಲೆಬರಹ ಬರೆದು ಕೆಳಗೆ ಖಾಲಿ ಬಿಟ್ಟಿರ್ತಾನೆ. ಇನ್ನೊಂದು ವರ್ಷ ತಲೆಬರಹವೂ ಇರಲ್ಲ. ಕೊನೆಗೆ ವಕೀಲರ ನಿಘಂಟುಗಳಲ್ಲಿ ಮಾತ್ರ ಉಳೀತು."

"ಊರಾಚೆ ಇದ್ದವರಿಗೆ ಯಾರು ಹೇಳಿದರು? ಇನ್ನು ಕೊಡಬೇಕಾಗಿಲ್ಲ, ಹೆದರಬೇಕಾಗಿಲ್ಲ ಅಂತ?"

ನಲವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಅದನ್ನು ಕೇಳಿರಲಿಲ್ಲ ಎಂದರು ಪ್ರೊಫೆಸರಮ್ಮ.

"ಯಾರೂ ಹೇಳಿರಲಿಕ್ಕಿಲ್ಲ" ಎಂದರು ಕೊನೆಗೆ.

ಅಂದರೆ ಅವರಲ್ಲಿ ಕೆಲವರು ಸಾಯುವ ತನಕ, ಯಾರೂ ಹುಡುಕದ ಕಾಲದಲ್ಲೂ, ಬಾಗಿಲು ಬಡಿದ ಸದ್ದಿಗೆ ಬೆಚ್ಚಿರಬೇಕು. ನನ್ನ ಹೊಸ ದಿನಾಂಕಕ್ಕೆ ಈಗ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಉಳಿದಿದೆ. ಪ್ರತಿ ತಿಂಗಳ ಮೊದಲನೇ ದಿನ ಆ ದಾಖಲೆ ತೆರೆದು ನೋಡುತ್ತೇನೆ. ಬದಲಾಗಿರುವುದಿಲ್ಲ ಎಂದು ಗೊತ್ತು. ಆದರೂ ದಿನಾಂಕವನ್ನು ಎರಡು ಸಲ ಓದಿಯೇ ಪುಟ ಮುಚ್ಚುತ್ತೇನೆ.

ಅವತ್ತು ಪ್ರೊಫೆಸರಮ್ಮನ ಸಮಯ ಇನ್ನೂ ಹತ್ತು ನಿಮಿಷ ಉಳಿದಿತ್ತು. ಏಳಲು ಕೈ ಕೊಟ್ಟೆ. ಅವರು ಸರಳು ಬಿಟ್ಟು ನನ್ನ ಕೈಯೊಂದನ್ನೇ ಹಿಡಿದು ಕೋಣೆಯ ಆ ತುದಿಯ ತನಕ ನಡೆದರು.